ಹಂಪ್ತಾ ದಾರಿಯಲ್ಲಿ ಕೊನೆಯವರ ಹೆಜ್ಜೆ



ಬೇಸಿಗೆ ಬಂತೆಂದರೆ ಕರ್ನಾಟಕದಿಂದ ಹಿಮಾಲಯಕ್ಕೆ ಹೊರಡುವವರ ಸಾಲು ಈಗ ಬಲು ಉದ್ದ. ಕಾಲೇಜು ಹುಡುಗರು, ಬ್ಯಾಂಕಿನವರು, ಸಾಫ್ಟ್‌ವೇರ್ ಕಂಪನಿಯವರು, ನಿವೃತ್ತ ಮೇಷ್ಟ್ರುಗಳು. ಬೆನ್ನಿಗೊಂದು ಚೀಲ, ಕಾಲಿಗೊಂದು ಜೊತೆ ಬೂಟು, ಪರಿಚಯವಿಲ್ಲದ ಹದಿನೈದು ಇಪ್ಪತ್ತು ಜನರ ತಂಡ. ನಾಲ್ಕೈದು ದಿನ ರಸ್ತೆಯಿಲ್ಲದ, ಅಂಗಡಿಯಿಲ್ಲದ, ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ನಡಿಗೆ.

ಇಂಥ ಚಾರಣದಿಂದ ಬಂದವರು ಶಿಖರದ ಬಗ್ಗೆ ಹೇಳುತ್ತಾರೆ, ಹಿಮದ ಬಗ್ಗೆ ಹೇಳುತ್ತಾರೆ. ನಾನು ಇವತ್ತು ತಂಡದಲ್ಲಿ ಕೊನೆಗೆ ಬರುವವರ ಬಗ್ಗೆ ಹೇಳುತ್ತೇನೆ. ಪ್ರತಿ ತಂಡದಲ್ಲೂ ಅಂಥವರು ಒಬ್ಬರೋ ಇಬ್ಬರೋ ಇರುತ್ತಾರೆ. ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಅವರು ಇನ್ನೂ ತಿರುವಿನಾಚೆ ಇರುತ್ತಾರೆ. ಮುಂದೆ ಹೋದವರಿಗೆ ಒಳಗೊಳಗೇ ಅಸಹನೆ. ಹಿಂದೆ ಉಳಿದವರಿಗೆ ನಾಚಿಕೆ. ನನ್ನ ವಾದ ಇಷ್ಟೇ. ಎತ್ತರದ ಬೆಟ್ಟದಲ್ಲಿ ತಂಡ ಎಷ್ಟು ಬೇಗ ನಡೆಯಬೇಕು ಎಂದು ಗೊತ್ತುಮಾಡಬೇಕಾದವರು ಆ ಕೊನೆಯವರೇ. ಕನಿಕರಕ್ಕೆ ಹೇಳುತ್ತಿಲ್ಲ. ಅಲ್ಲಿನ ಗಾಳಿ, ಅಲ್ಲಿನ ನೀರು, ಅಲ್ಲಿನ ಹಿಮ ಎಲ್ಲದರ ಲೆಕ್ಕವೂ ಅದೇ.

ಮಾತಿಗೆ ಒಂದು ದಾರಿ ಹಿಡಿಯೋಣ. ಹಿಮಾಚಲ ಪ್ರದೇಶದ ಹಂಪ್ತಾ ಪಾಸ್. ಮೊದಲ ಸಲ ಹಿಮಾಲಯ ಹತ್ತುವ ನಮ್ಮ ಕಡೆಯವರು ಆರಿಸಿಕೊಳ್ಳುವ ದಾರಿಗಳಲ್ಲಿ ಇದೂ ಒಂದು. ಪಾಸ್ ಅಂದರೆ ಎರಡು ಎತ್ತರಗಳ ನಡುವಿನ ತಗ್ಗು. ಈಚಿನ ಕಣಿವೆಯಿಂದ ಆಚಿನ ಕಣಿವೆಗೆ ದಾಟುವ ಜಾಗ. ಈಚೆಗೆ ಕುಲು ಕಣಿವೆ, ಅದರ ತಲೆಯ ಬಳಿ ಮನಾಲಿ. ಆಚೆಗೆ ಲಾಹುಲ್. ನಡುವೆ ಪೀರ್ ಪಂಜಾಲ್ ಎಂಬ ಪರ್ವತಸಾಲು. ಆ ಸಾಲನ್ನು 4,270 ಮೀಟರ್ ಎತ್ತರದಲ್ಲಿ ದಾಟುವುದೇ ಹಂಪ್ತಾ. ನಡೆಯುವ ದೂರ ಸುಮಾರು 30 ಕಿಲೋಮೀಟರ್. ಕೇಳಿದರೆ ಏನೇನೂ ಅಲ್ಲ ಅನ್ನಿಸುತ್ತದೆ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರಿಗಂತೂ ನಗು ಬರಬಹುದು.

ಸ್ವಲ್ಪ ತಾಳಿ. ಕುಮಾರಪರ್ವತದ ಎತ್ತರ 1,700 ಮೀಟರ್. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರಿಗೆ ಸ್ವಲ್ಪ ಮೇಲೆ. ಮನಾಲಿ ಪೇಟೆ ಇರುವುದು 2,000 ಮೀಟರಿನಲ್ಲಿ. ಅಂದರೆ ನಮ್ಮ ನಾಡಿನ ನೆತ್ತಿ ಮನಾಲಿಯ ಪೇಟೆಗಿಂತ ತುಸು ಕೆಳಗಿದೆ. ನಮ್ಮ ಬೆಟ್ಟ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅವರ ಬೆಟ್ಟ ಶುರು.

ಈಗ ಗಾಳಿಯ ಲೆಕ್ಕ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ ಎಂಬುದು ಶಾಲೆಯಲ್ಲೇ ಓದಿದ ಪಾಠ. ಎಷ್ಟು ತೆಳು? ಹಂಪ್ತಾದ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ಕ್ಕೆ ಇಳಿದಿರುತ್ತದೆ. ಬೆಂಗಳೂರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಮೂರನೇ ಒಂದು ಪಾಲು ಅಲ್ಲಿ ಖೋತಾ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಿ ಎನ್ನುತ್ತಿದ್ದರು. ಅದೇ ಯಂತ್ರ ಹಂಪ್ತಾದ ಎರಡನೇ ಕ್ಯಾಂಪಿನಲ್ಲಿ ಆರೋಗ್ಯವಂತನ ಬೆರಳಿನಲ್ಲೂ 85, 88 ತೋರಿಸುತ್ತದೆ. ಅಲ್ಲಿ ಅದು ಗಾಬರಿಯ ವಿಷಯವಲ್ಲ. ದೇಹ ಅದಕ್ಕೆ ಹೊಂದಿಕೊಳ್ಳಬೇಕು, ಹೊಂದಿಕೊಳ್ಳಲು ದಿನಗಳು ಬೇಕು.

ಹೇಗೆ ಹೊಂದಿಕೊಳ್ಳುತ್ತದೆ? ಮೊದಲು ಉಸಿರಾಟ ಜೋರಾಗುತ್ತದೆ. ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕ್ಷಾರ ಹೆಚ್ಚುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಹೊರಹಾಕಲು ತೊಡಗುತ್ತವೆ. ಹಾಗಾಗಿ ರಾತ್ರಿ ಎರಡು ಮೂರು ಸಲ ಎದ್ದು, ಟೆಂಟಿನ ಜಿಪ್ ಎಳೆದು, ಚಳಿಯಲ್ಲಿ ಹೊರಗೆ ಹೋಗಬೇಕಾಗುತ್ತದೆ. ಬೈದುಕೊಳ್ಳಬೇಡಿ. ಅದು ಒಳ್ಳೆಯ ಲಕ್ಷಣ. ದೇಹ ತನ್ನ ಕೆಲಸ ಮಾಡುತ್ತಿದೆ. ಕೆಲವರಿಗೆ ನಿದ್ದೆಯಲ್ಲಿ ಉಸಿರು ಕ್ಷಣಕಾಲ ನಿಂತು, ಮತ್ತೆ ಏದುಸಿರಾಗಿ ಎಚ್ಚರವಾಗುತ್ತದೆ. ಅದೂ ಅಲ್ಲಿ ಸಾಮಾನ್ಯ.

ಇದರಲ್ಲಿ ಒಂದು ವಿಚಿತ್ರವಿದೆ. ಈ ಹೊಂದಾಣಿಕೆಗೂ ಕಸರತ್ತಿನ ಮೈಗೂ ಸಂಬಂಧವಿಲ್ಲ. 1960ರ ದಶಕದಲ್ಲಿ ನಮ್ಮ ಸೈನಿಕರನ್ನು ಬಯಲುಸೀಮೆಯಿಂದ ವಿಮಾನದಲ್ಲಿ ನೇರವಾಗಿ ಹಿಮಾಲಯದ ಎತ್ತರಕ್ಕೆ ಒಯ್ಯಬೇಕಾಗಿ ಬಂತು. ಹಾಗೆ ಹೋಗಿ ಕಾಯಿಲೆ ಬಿದ್ದ ಸುಮಾರು 1,900 ಮಂದಿಯನ್ನು ಸೇನೆಯ ವೈದ್ಯರಾದ ಇಂದರ್ ಸಿಂಗ್ ಮತ್ತು ಸಂಗಡಿಗರು ಪರೀಕ್ಷಿಸಿದರು. 1969ರಲ್ಲಿ ಅದನ್ನು ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಪ್ರಪಂಚದಲ್ಲೆಲ್ಲ ಇಂದಿಗೂ ನೆನೆಯುವ ಬರಹ ಅದು. ಆ 1,900 ಮಂದಿ ಯಾರು? ಕವಾಯತು ಮಾಡಿ ಪಳಗಿದ, ವಯಸ್ಸಿನಲ್ಲಿರುವ ಗಂಡಾಳುಗಳು. ಅವರನ್ನೇ ತಲೆನೋವು, ವಾಕರಿಕೆ, ಉಬ್ಬಸ ಕೆಡವಿದವು. ಅದೂ ತಕ್ಷಣವಲ್ಲ. ಮೇಲೆ ತಲುಪಿದ ಆರು ಗಂಟೆಯಿಂದ ನಾಲ್ಕು ದಿನದೊಳಗೆ.

ಆದ್ದರಿಂದ ಮ್ಯಾರಥಾನ್ ಓಡುವ ಹುಡುಗ ಮಲಗಿಬಿಡಬಹುದು. ಅರವತ್ತು ದಾಟಿದ ಅಜ್ಜಿ ಆರಾಮಾಗಿ ಚಹಾ ಕುಡಿಯುತ್ತ ಕೂತಿರಬಹುದು. ಅಂಥದ್ದನ್ನು ನಾನು ಕಂಡಿದ್ದೇನೆ. ಇಡೀ ದಿನ ಎಲ್ಲರಿಗಿಂತ ಮುಂದೆ ನೆಗೆಯುತ್ತಿದ್ದ ಯುವಕನೊಬ್ಬ ಸಂಜೆ ಊಟ ಬೇಡವೆಂದ. ತಲೆ ಸಿಡಿಯುತ್ತಿದೆಯೇ ಎಂದರೆ ಇಲ್ಲ ಎಂದ. ಬೆಟ್ಟದಲ್ಲಿ ಈ ಸುಳ್ಳು ಎಲ್ಲರೂ ಹೇಳುತ್ತಾರೆ. ವಾಪಸು ಕಳಿಸಿಬಿಡುತ್ತಾರೆಂಬ ಭಯ, ಕಟ್ಟಿದ ಹಣ ಹೋಯಿತೆಂಬ ಚಿಂತೆ, ಗೆಳೆಯರ ಮುಂದೆ ಮಾನ. ಅವನಿಗೆ ಆ ಕಾಯಿಲೆ ತಂದದ್ದು ಅವನ ವೇಗವೇ. ಬೇಗ ಏರಿದಷ್ಟೂ ದೇಹಕ್ಕೆ ಸಿಗುವ ಸಮಯ ಕಡಿಮೆ.

ವೈದ್ಯರು ಕೊಡುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು. ತಲೆನೋವು ಬಂದರೆ ಇನ್ನು ಮೇಲೆ ಹತ್ತಬಾರದು. ಹೆಚ್ಚಾದರೆ ಇಳಿಯಬೇಕು, ಬೆಳಗಾಗಲಿ ಎಂದು ಕಾಯಬಾರದು. ಕೂತಲ್ಲೇ ಉಸಿರು ಕಟ್ಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಗೆರೆಯ ಮೇಲೆ ನೇರ ನಡೆಯಲಾಗದೆ ಓಲಾಡಿದರೆ ಮಿದುಳು ಊದುತ್ತಿರಬಹುದು. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದೇ.

ಗಾಳಿಯ ಲೆಕ್ಕ ಇಷ್ಟು: ವೇಗ ಅಲ್ಲಿ ಯಾರನ್ನೂ ಕಾಯುವುದಿಲ್ಲ, ನಿಧಾನ ಕಾಯುತ್ತದೆ. ಇನ್ನು ದಾರಿಗೆ ಬರೋಣ.

ಮನಾಲಿ ಬಳಿಯ ಪ್ರೀಣಿ ಎಂಬ ಹಳ್ಳಿಯಿಂದ ಜೀಪು ಏರುತ್ತದೆ. ಸೇಬಿನ ತೋಟಗಳ ನಡುವೆ ನಲವತ್ತರಷ್ಟು ತಿರುವು. ಜೋಬ್ರಾ ಎಂಬಲ್ಲಿ ಇಳಿಸುತ್ತಾರೆ. ಅಲ್ಲಿಂದ ದೇವದಾರು, ಮೇಪಲ್, ಓಕ್ ಮರಗಳ ನೆರಳಿನಲ್ಲಿ ಎರಡು ಮೂರು ಗಂಟೆ ನಡೆದರೆ ಚೀಕಾ. 3,100 ಮೀಟರ್. ಹೊಳೆಯ ದಂಡೆ, ಹುಲ್ಲುಗಾವಲು. ಮೊದಲ ರಾತ್ರಿ ಅಲ್ಲಿ. ಮಾರನೇ ದಿನ ಮರಗಳು ಕುಳ್ಳಾಗುತ್ತ ಬರುತ್ತವೆ. ಭೂರ್ಜದ ಮರಗಳು ಸಿಗುತ್ತವೆ. ಕಾಗದದಂತೆ ಪದರ ಪದರವಾಗಿ ಬಿಚ್ಚಿಕೊಳ್ಳುವ ತೊಗಟೆ. ಹಿಂದೆ ಕಾಶ್ಮೀರದ ಪಂಡಿತರು ಗ್ರಂಥ ಬರೆಯುತ್ತಿದ್ದದ್ದು ಇದರ ಮೇಲೆ. ಆಮೇಲೆ ಮರಗಳೇ ಇಲ್ಲ. ಬಂಡೆ, ಹುಲ್ಲು, ಹೂವು. ಎರಡನೇ ರಾತ್ರಿ ಬಾಲೂ ಕಾ ಘೇರಾ. ಸುಮಾರು 3,700 ಮೀಟರ್. ಲೆಕ್ಕ ಹಾಕಿದಿರಾ? ಒಂದೇ ದಿನದಲ್ಲಿ 600 ಮೀಟರ್ ಆಯಿತು. ಸೂತ್ರ ಹೇಳಿದ್ದು 500.

ಇಲ್ಲೇ ನನ್ನ ತಕರಾರಿರುವುದು. ಬೆಂಗಳೂರಿನಿಂದ ಹೊರಟವನು ಶುಕ್ರವಾರ ರಾತ್ರಿ ವಿಮಾನ ಹತ್ತುತ್ತಾನೆ. ಚಂಡೀಗಢದಿಂದ ಬಸ್ಸು. ನಿದ್ದೆಗೆಟ್ಟು ಮನಾಲಿಗೆ ಬಂದಿಳಿದು, ಮರುದಿನವೇ ಜೋಬ್ರಾ. ಮುಂದಿನ ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕು, ಸೋಮವಾರ ಆಫೀಸು. ರಜೆಯ ಅರ್ಜಿಗೆ ತಕ್ಕಂತೆ ಬೆಟ್ಟದ ದಿನಚರಿ ಹೊಲಿದುಬಿಟ್ಟಿದ್ದಾರೆ. ಕೊನೆಗೆ ಬರುವವರಿಗೆ ಬೇಕಾದ ಒಂದು ದಿನ ಅದರಲ್ಲಿ ಇಲ್ಲವೇ ಇಲ್ಲ. ದಿನ ಕಡಿಮೆಯಾದರೆ ದರ ಕಡಿಮೆ, ಆದ್ದರಿಂದ ನಾವೂ ಅದನ್ನೇ ಆರಿಸುತ್ತೇವೆ. ಮನಾಲಿಯಲ್ಲಿ ಒಂದು ರಾತ್ರಿ ಹೆಚ್ಚು ಕಳೆದರೆ ಆಗುವ ಖರ್ಚು ನಾವು ಕೊಳ್ಳುವ ಜಾಕೆಟ್ಟಿನ ಬೆಲೆಗಿಂತ ಎಷ್ಟೋ ಕಡಿಮೆ.

ಮತ್ತೊಂದು ಸಂಗತಿ ನಡಿಗೆಯ ಕ್ರಮದ್ದು. ಇದನ್ನು ಗಮನವಿಟ್ಟು ಕೇಳಿ. ಬಲಶಾಲಿಗಳು ಅರ್ಧ ಗಂಟೆ ದಬದಬ ನಡೆದು, ಒಂದು ಬಂಡೆ ನೋಡಿ ಕೂರುತ್ತಾರೆ. ನೀರು ಕುಡಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ಕೊನೆಯವರು ಏದುಸಿರು ಬಿಡುತ್ತ ಬಂದು ಮುಟ್ಟುತ್ತಾರೆ. "ಬಂದ್ರಾ? ಸರಿ, ಹೊರಡೋಣ" ಎಂದು ಇವರು ಎದ್ದು ನಿಲ್ಲುತ್ತಾರೆ. ಅಲ್ಲಿಗೆ ಏನಾಯಿತು? ವಿಶ್ರಾಂತಿ ಬೇಡದವರಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಬೇಕಾದವರಿಗೆ ಒಂದು ನಿಮಿಷವೂ ಸಿಗಲಿಲ್ಲ. ದಿನಕ್ಕೆ ಹತ್ತು ಸಲ ಹೀಗಾದರೆ ಸಂಜೆಗೆ ಅವರು ಕುಸಿಯದೆ ಇನ್ನೇನು? ಆಮೇಲೆ "ಅವರಿಗೆ ಶಕ್ತಿ ಸಾಲದು" ಎಂದು ನಾವೇ ತೀರ್ಪು ಕೊಡುತ್ತೇವೆ.

ಪಳಗಿದ ಗೈಡ್‌ಗಳು ಇದನ್ನು ಬಲ್ಲರು. ಮೊದಲ ದಿನವೇ ಎಲ್ಲರ ನಡಿಗೆ ನೋಡಿಟ್ಟುಕೊಂಡು, ಮರುದಿನ ಬೆಳಿಗ್ಗೆ ನಿಧಾನದವರನ್ನು ತಮ್ಮ ಬೆನ್ನ ಹಿಂದೆಯೇ ನಿಲ್ಲಿಸಿಕೊಳ್ಳುತ್ತಾರೆ. ಉಳಿದವರು ಅವರ ಹಿಂದೆ. ಬಾಲದಲ್ಲಿ ಇನ್ನೊಬ್ಬ ಗೈಡ್. ಅವನ ಹಿಂದೆ ಯಾರೂ ಉಳಿಯುವಂತಿಲ್ಲ. ಹೀಗೆ ನಿಂತರೆ ಎರಡು ಲಾಭ. ಮುಂದಿರುವವರಿಗೆ ತಾವು ಹಿಂದುಳಿದೆವೆಂಬ ಅಳುಕು ಇರುವುದಿಲ್ಲ. ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಒಟ್ಟಿಗೆ ಹೊರಡುತ್ತಾರೆ. ಪಕ್ಕದವರೊಂದಿಗೆ ಮಾತಾಡುತ್ತ ನಡೆಯಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದು ತಿಳಿಯಿರಿ. ಮಾತು ತುಂಡಾಗುತ್ತಿದ್ದರೆ ಹೆಚ್ಚಾಯಿತು. "ಆರಾಮ್ ಸೇ, ಆರಾಮ್ ಸೇ" ಎಂಬುದು ಅಲ್ಲಿನ ಗೈಡ್‌ಗಳ ದಿನನಿತ್ಯದ ಮಂತ್ರ. ಇನ್ನೂ ಒಂದು ಮಂತ್ರವಿದೆ. "ಬಸ್, ಆಧಾ ಘಂಟಾ." ಆ ಅರ್ಧ ಗಂಟೆಯನ್ನು ಮಾತ್ರ ನಂಬಬೇಡಿ. ಬೆಟ್ಟದವರ ಅರ್ಧ ಗಂಟೆ ನಮ್ಮ ಒಂದೂವರೆ ಗಂಟೆ.

ಹೊರೆಯ ಹಂಚಿಕೆಯೂ ಇದಕ್ಕೇ ಸೇರಿದ್ದು. ಚೀಲ ಹತ್ತು ಕಿಲೋ ಇರುತ್ತದೆ. ಟೆಂಟು, ಅಡುಗೆ ಸಾಮಾನು ಹೇಸರಗತ್ತೆಗಳ ಮೇಲೆ ಹೋಗುತ್ತವೆ. ಬೆಚ್ಚನೆ ಬಟ್ಟೆ, ಮಳೆಯಂಗಿ, ನೀರು, ಬುತ್ತಿ ನಮ್ಮ ಬೆನ್ನಿಗೆ. ಕೊನೆಯವರ ಚೀಲದಿಂದ ಎರಡು ಕಿಲೋ ತೆಗೆದು ಮೊದಲಿನವರ ಚೀಲಕ್ಕೆ ಹಾಕಿದರೆ ಇಡೀ ತಂಡದ ವೇಗ ಹೆಚ್ಚುತ್ತದೆ. ಕೊಡುವುದಕ್ಕೆ ಹಿರಿಯರು ಸುಲಭವಾಗಿ ಒಪ್ಪುವುದಿಲ್ಲ, ಅದು ಬೇರೆ ಮಾತು. ನಿಮ್ಮ ಚೀಲದಲ್ಲಿ ಔಷಧದ ಪೆಟ್ಟಿಗೆ ಹಿಡಿಯಬೇಕು, ಜಾಗವಿಲ್ಲ ಎಂದು ಏನಾದರೂ ನೆಪ ಹೇಳಿ ತೆಗೆದುಕೊಳ್ಳಬೇಕು.

ಗಾಳಿಯಾಯಿತು, ಸಾಲಿನಲ್ಲಿ ಯಾರೆಲ್ಲಿ ನಿಲ್ಲಬೇಕೆಂಬುದಾಯಿತು. ಇನ್ನು ನೀರು.

ಹಿಮನದಿಯಿಂದ ಬರುವ ಹೊಳೆಗಳಿಗೆ ದಿನಕ್ಕೊಂದು ಏರಿಳಿತವಿದೆ. ಬಿಸಿಲಿಗೆ ಹಿಮ ಕರಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೊಳೆ ಉಬ್ಬುತ್ತದೆ. ರಾತ್ರಿ ಕರಗುವುದು ನಿಂತು ಬೆಳಿಗ್ಗೆಗೆ ಇಳಿದಿರುತ್ತದೆ. ಆದ್ದರಿಂದ ದಾಟುವುದು ಬೆಳಿಗ್ಗೆಯೇ. ಹಂಪ್ತಾ ದಾರಿಯಲ್ಲಿ ಪಾಸ್ ದಾಟಿ ಆಚೆ ಇಳಿದ ಮೇಲೆ ಸಿಯಾಗೋರು ಎಂಬ ಕ್ಯಾಂಪು ಬರುತ್ತದೆ. ಮರುದಿನ ಎದ್ದ ಕೂಡಲೇ ಮೊದಲ ಕೆಲಸ ಹೊಳೆ ದಾಟುವುದು. ಬೂಟು ಬಿಚ್ಚಿ, ಲೇಸು ಕಟ್ಟಿ, ಕೊರಳಿಗೆ ನೇತುಹಾಕಿಕೊಳ್ಳುತ್ತೀರಿ. ಪ್ಯಾಂಟು ಮಂಡಿಯವರೆಗೆ ಮಡಚುತ್ತೀರಿ. ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿಡುತ್ತೀರಿ, ಬಿದ್ದರೆ ಚೀಲ ಕಳಚಿಕೊಳ್ಳಲಿ ಎಂದು. ನೀರು ಮಂಡಿಗಿಂತ ಹೆಚ್ಚಿಲ್ಲ. ಆದರೆ ಕಾಲಿಟ್ಟ ಕ್ಷಣ ಮೂಳೆಯೊಳಗೆ ನೋವು ಹೊಗುತ್ತದೆ. ಮೂವತ್ತು ಎಣಿಸುವ ಹೊತ್ತಿಗೆ ಪಾದ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಕೆಳಗಿನ ಉರುಟು ಕಲ್ಲುಗಳು ಪ್ರವಾಹದ ಜೊತೆ ಸರಿಯುತ್ತಿರುತ್ತವೆ. ನೀರನ್ನು ನೋಡಿದರೆ ತಲೆ ತಿರುಗುತ್ತದೆ. ಆಚೆ ದಡದ ಒಂದು ಕಲ್ಲನ್ನು ನೋಡುತ್ತ ಹೋಗಬೇಕು.

ಒಬ್ಬೊಬ್ಬರೇ ಇಳಿದರೆ ಆಯ ತಪ್ಪುತ್ತದೆ. ತೋಳಿಗೆ ತೋಳು ಸಿಕ್ಕಿಸಿಕೊಂಡು ಸಾಲಾಗಿ ಇಳಿಯುತ್ತಾರೆ. ದಪ್ಪ ಮೈಯವರು ನೀರು ಬರುವ ಕಡೆಗೆ. ಅವರ ಕಾಲಿಗೆ ಬಡಿದು ರಭಸ ಒಡೆದು, ಕೆಳಗಿನವರಿಗೆ ತುಸು ಸಲೀಸು. ಒಬ್ಬರು ಹೆಜ್ಜೆ ಎತ್ತುವಾಗ ಅಕ್ಕಪಕ್ಕದವರು ಊರಿ ನಿಂತಿರಬೇಕು. ಅಲ್ಲಿ ಯಾರಾದರೂ ಬೇಗ ಹೋಗುತ್ತೇನೆಂದು ಎಳೆದರೆ ಇಡೀ ಸಾಲು ಮುಗ್ಗರಿಸುತ್ತದೆ. ಕೊನೆಯವರ ಹೆಜ್ಜೆಗೆ ಮೊದಲನೆಯವರು ಕಾಯಲೇಬೇಕು. ನನ್ನ ವಾದವನ್ನು ಯಾರಾದರೂ ಒಪ್ಪದಿದ್ದರೆ ಆ ಹೊಳೆಯಲ್ಲಿ ನಿಲ್ಲಿಸಬೇಕು. ನೀರಿನಿಂದ ಹೊರಬಂದ ಮೇಲೆ ಪಾದಗಳು ಬೆಂಕಿ ತಾಕಿದಂತೆ ಉರಿಯುತ್ತವೆ. ಆಗ ಪ್ರತಿಯೊಬ್ಬರೂ ಪಕ್ಕದವರ ಕಾಲು ಉಜ್ಜುತ್ತಿರುತ್ತಾರೆ. ಹಿಂದಿನ ದಿನದವರೆಗೂ ಹೆಸರು ಗೊತ್ತಿಲ್ಲದವರು.

ನೀರಿನ ವಿಷಯ ಬಂದಾಗ ಅನ್ನದ ವಿಷಯವೂ ಬರುತ್ತದೆ. ಬಾಲೂ ಕಾ ಘೇರಾದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. 88ರ ಆಸುಪಾಸಿಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತ ಕೂತರೆ ಸೀಮೆಎಣ್ಣೆ ಮುಗಿಯುತ್ತದೆಯೇ ಹೊರತು ಬೇಳೆ ಬೇಯುವುದಿಲ್ಲ. ಅದಕ್ಕೇ ಹೇಸರಗತ್ತೆಯ ಬೆನ್ನ ಮೇಲೆ ದೊಡ್ಡ ಪ್ರೆಶರ್ ಕುಕ್ಕರ್ ಹೊರಿಸಿ ತರುತ್ತಾರೆ. ನಾವು ಟೆಂಟಿನಲ್ಲಿ ಕಾಲು ಚಾಚಿರುವಾಗ ಅಡುಗೆಯವರು ಕತ್ತಲಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಬೆಳಿಗ್ಗೆ ನಮ್ಮ ನಂತರ ಹೊರಟು, ನಮಗಿಂತ ಮೊದಲು ಮುಂದಿನ ಕ್ಯಾಂಪು ಸೇರುತ್ತಾರೆ. ವೇಗವಾಗಿ ನಡೆಯುವುದು ಏನೆಂದು ನೋಡಬೇಕಾದರೆ ಅವರನ್ನು ನೋಡಬೇಕು. ಆ ಎತ್ತರದಲ್ಲಿ ಹುಟ್ಟಿ ಬೆಳೆದ ಶ್ವಾಸಕೋಶ ಅದು. ಅವರೊಡನೆ ಪಂದ್ಯ ಕಟ್ಟಬೇಡಿ.

ಇನ್ನು ಹಿಮ, ಅಂದರೆ ಪಾಸ್ ದಾಟುವ ದಿನ.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬಾತ ಬೆಟ್ಟ ನಡೆಯುವವರಿಗೆ ಒಂದು ಲೆಕ್ಕ ಕೊಟ್ಟ. 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬಾಲೂ ಕಾ ಘೇರಾದಿಂದ ಸಿಯಾಗೋರುವಿಗೆ ಎಂಟು ಕಿಲೋಮೀಟರಿನಷ್ಟು ದಾರಿ, 600 ಮೀಟರಿನಷ್ಟು ಏರು. ನೇಸ್ಮಿತ್ ಪ್ರಕಾರ ಎರಡೂವರೆ, ಹೆಚ್ಚೆಂದರೆ ಮೂರು ಗಂಟೆ. ನಿಜದಲ್ಲಿ ಹಿಡಿಯುವುದು ಎಂಟೊಂಬತ್ತು ಗಂಟೆ. ಸ್ಕಾಟ್ಲೆಂಡಿನ ಅತಿ ಎತ್ತರದ ಬೆನ್ ನೆವಿಸ್ 1,300 ಮೀಟರಿನ ಬೆಟ್ಟ. ಅಲ್ಲಿನ ಗಡಿಯಾರ ಇಲ್ಲಿ ನಡೆಯುವುದಿಲ್ಲ.

ಜೂನ್ ತಿಂಗಳಲ್ಲಿ ಹೋದರೆ ಈ ಏರು ಹಿಮದ ಮೇಲೆ. ಬೆಳಗಿನ ಹಿಮ ಗಟ್ಟಿ, ಜಾರುತ್ತದೆ. ಮುಂದಿನ ಗೈಡ್ ಬೂಟಿನ ತುದಿಯಿಂದ ಒದ್ದು ಒದ್ದು ಮೆಟ್ಟಿಲು ಮಾಡುತ್ತಾನೆ. ಹಿಂದಿನವರೆಲ್ಲ ಅದೇ ಗುಳಿಯಲ್ಲಿ ಕಾಲಿಡುತ್ತಾರೆ. ಒಬ್ಬೊಬ್ಬರು ತುಳಿದಂತೆಲ್ಲ ಆ ಮೆಟ್ಟಿಲು ಗಟ್ಟಿಯಾಗುತ್ತದೆ. ನಾನು ಗಮನಿಸಿ ನೋಡಿದ್ದು ಮೆಟ್ಟಿಲಿನ ಅಂತರವನ್ನು. ಆರಡಿ ಎತ್ತರದ ಗೈಡ್ ಗೇಣುದ್ದದ ಹೆಜ್ಜೆ ಹಾಕುತ್ತಿದ್ದ. ತನ್ನ ಕಾಲಿನ ಅಳತೆಗೆ ಒದ್ದಿದ್ದರೆ ತಂಡದ ಕುಳ್ಳನೆಯ ಹೆಂಗಸಿಗೆ ಒಂದರಿಂದ ಇನ್ನೊಂದಕ್ಕೆ ಕಾಲು ನಿಲುಕುತ್ತಿರಲಿಲ್ಲ. ಆಕೆ ನಡುವೆ ಹೊಸ ಗುಳಿ ತೋಡಬೇಕಾಗುತ್ತಿತ್ತು. ಹಿಂದಿನವರೆಲ್ಲ ನಿಲ್ಲಬೇಕಾಗುತ್ತಿತ್ತು. ಅವನು ತಂಡದ ಅತಿ ಚಿಕ್ಕ ಕಾಲಿಗೆ ದಾರಿ ಕಡಿಯುತ್ತಿದ್ದ. ಉದ್ದ ಕಾಲಿನವರು ಆ ಚಿಕ್ಕ ಮೆಟ್ಟಿಲಲ್ಲೂ ಆರಾಮಾಗಿ ಹತ್ತಿದರು.

ನೆತ್ತಿಯಲ್ಲಿ ನಿಂತಾಗ ಕಾಣುವುದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಕಡೆ ಇಂದ್ರಾಸನ ಶಿಖರ, 6,200 ಮೀಟರ್, ಕಡಿದಿಟ್ಟಂಥ ಬಂಡೆ ಮತ್ತು ಹಿಮ. ಬೆನ್ನ ಹಿಂದೆ ಕುಲು ಕಡೆಯ ಹಸಿರು. ಮುಂದೆ ಲಾಹುಲ್ ಕಡೆ ಮರವಿಲ್ಲ, ಬರೀ ಕಂದು ಮತ್ತು ಬೂದು ಬಣ್ಣದ ಇಳಿಜಾರು. ಮುಂಗಾರಿನ ಮೋಡ ಪೀರ್ ಪಂಜಾಲಿಗೆ ಬಡಿದು ಈಚೆಗೇ ಸುರಿಯುತ್ತದೆ, ಆಚೆಗೆ ಉಳಿಯುವುದು ಅಲ್ಪಸ್ವಲ್ಪ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಏಣಿನ ಎರಡು ಮಗ್ಗುಲಿಗೆ ತಂದಿಟ್ಟಂತೆ. ಈ ದಾರಿ ನಮಗಾಗಿ ಆದದ್ದಲ್ಲ. ಬೇಸಿಗೆಯಲ್ಲಿ ಆಚೆಯ ಮೇವಿಗಾಗಿ ಕುರಿಮಂದೆ ದಾಟಿಸುವ ಗದ್ದಿ ಕುರಿಗಾಹಿಗಳು ತುಳಿದ ದಾರಿ. ಅವರ ಮಂದೆಯಲ್ಲಿ ಆಗತಾನೆ ಹುಟ್ಟಿದ ಮರಿಯನ್ನು ಕುರುಬ ತನ್ನ ನಿಲುವಂಗಿಯ ಎದೆಯೊಳಗೆ ಇಟ್ಟುಕೊಂಡು ನಡೆಯುತ್ತಾನೆ.

ನೆತ್ತಿಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಇಷ್ಟು ಗಂಟೆಯೊಳಗೆ ಕೊನೆಯವರು ಮೇಲೆ ಬಾರದಿದ್ದರೆ ಇಡೀ ತಂಡ ವಾಪಸು ಎಂದು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯ ತಂಡದ ಲಕ್ಷಣ. ಗಡುವು ಲೆಕ್ಕ ಹಾಕಬೇಕಾದದ್ದು ಕೊನೆಯವರಿಂದ. ಮೊದಲನೆಯವರು ಎಷ್ಟು ಹೊತ್ತಿಗೆ ಮುಟ್ಟಿದರೆಂಬುದು ಫೋಟೊಗೆ ಮಾತ್ರ ಬೇಕಾದ ಸಂಗತಿ.

ಇದುವರೆಗೆ ಗಾಳಿ, ನೀರು, ಹಿಮದ ಮಾತಾಯಿತು. ಇನ್ನೊಂದು ಮಾತು ಉಳಿದಿದೆ. ಹೇಳಲು ಕಷ್ಟವಾದದ್ದು.

2024ರ ಜೂನ್ ಮೊದಲ ವಾರ. ಉತ್ತರಾಖಂಡದ ಸಹಸ್ರತಾಲ್. ಅದೂ 4,000 ಮೀಟರ್ ದಾಟಿದ ಎತ್ತರ. 22 ಜನರ ತಂಡ, ಹೆಚ್ಚಿನವರು ಕರ್ನಾಟಕದವರು. ಹಿಮಗಾಳಿಗೆ ಸಿಕ್ಕಿಬಿದ್ದರು. ಒಂಬತ್ತು ಮಂದಿ ಚಳಿಗೆ ತೀರಿಕೊಂಡರು. ಉಳಿದವರನ್ನು ಹೆಲಿಕಾಪ್ಟರಿನಲ್ಲಿ, ಕಾಲ್ನಡಿಗೆಯಲ್ಲಿ ಕೆಳಗೆ ತಂದರು. ಅವರಲ್ಲಿ ಅನುಭವಿಗಳಿದ್ದರು. ಆಕಾಶವಾಣಿಯ ಕೊಠಡಿಯಲ್ಲಿ ಬೆಚ್ಚಗೆ ಕೂತು ಅವರು ಹೀಗೆ ಮಾಡಬೇಕಿತ್ತು, ಹಾಗೆ ಮಾಡಬೇಕಿತ್ತು ಎನ್ನುವುದು ಸರಿಯಲ್ಲ. ನಾನು ಹೇಳುವುದೂ ಇಲ್ಲ. ಆದರೆ ಚಳಿ ಮನುಷ್ಯನನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕು.

ಒದ್ದೆ ಬಟ್ಟೆ, ಬೀಸುವ ಗಾಳಿ, ದಣಿವು. ಮೂರೂ ಕೂಡಿದರೆ ಸಾಕು, ಸೊನ್ನೆ ಡಿಗ್ರಿಗೆ ಇಳಿಯಲೂ ಬೇಕಿಲ್ಲ. ಹತ್ತಿಬಟ್ಟೆ, ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಮೈಶಾಖವನ್ನು ಹೀರುತ್ತಲೇ ಇರುತ್ತವೆ. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ. ಕೈಯಲ್ಲಿ ಹಿಡಿದದ್ದು ಜಾರುತ್ತದೆ. ಹೆಜ್ಜೆ ತಡವರಿಸುತ್ತದೆ. ಆಮೇಲೆ ನಡುಕ ನಿಲ್ಲುತ್ತದೆ. ನಡುಕ ನಿಂತಿತೆಂದರೆ ವಾಸಿಯಾಯಿತೆಂದಲ್ಲ, ಕೈಮೀರುತ್ತಿದೆ ಎಂದು. ಇದರ ಕ್ರೂರತನ ಏನೆಂದರೆ, ಹಿಡಿದವನಿಗೆ ತನಗೆ ಹಿಡಿದಿದೆ ಎಂದು ಗೊತ್ತಾಗುವುದಿಲ್ಲ. ಮಿದುಳೇ ಮಂಕಾಗಿರುತ್ತದೆ. "ನೀವು ನಡೀರಿ, ನಾನು ಸ್ವಲ್ಪ ಕೂತು ಬರ್ತೀನಿ" ಎನ್ನುತ್ತಾನೆ. ಪಕ್ಕದಲ್ಲಿ ಇರುವವರೇ ಕಂಡುಹಿಡಿಯಬೇಕು. ಒದ್ದೆ ಬಟ್ಟೆ ಬಿಚ್ಚಿಸಿ, ಒಣಬಟ್ಟೆ ಹಾಕಿ, ಗಾಳಿಗೆ ಮರೆ ಮಾಡಿ, ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಬೇಕು. ಎಚ್ಚರವಿದ್ದರೆ ಬಿಸಿ ಸಿಹಿ ಕುಡಿಸಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? ಮುಂದಿನವರು ಒಂದು ಕಿಲೋಮೀಟರ್ ಮುಂದೆ ಹೋಗಿಬಿಟ್ಟಿದ್ದರೆ? ತಂಡ ಚದುರಬಾರದು ಎನ್ನುವುದು ಇದಕ್ಕೆ.

ಮತ್ತೆ ನಮ್ಮ ದಾರಿಗೆ ಬರೋಣ. ಹಂಪ್ತಾ ದಾಟಿದವರು ಛತ್ರು ಎಂಬಲ್ಲಿ ರಸ್ತೆ ಸೇರುತ್ತಾರೆ. ಅಲ್ಲಿಂದ ಹೆಚ್ಚಿನ ತಂಡಗಳು ಜೀಪಿನಲ್ಲಿ ಚಂದ್ರತಾಲ್ ಸರೋವರಕ್ಕೆ ಹೋಗುತ್ತವೆ. 2005ರಿಂದ ಅದು ಅಂತರರಾಷ್ಟ್ರೀಯ ಮಹತ್ವದ ಜಲತಾಣಗಳ ರಾಮ್‌ಸಾರ್ ಪಟ್ಟಿಯಲ್ಲಿದೆ. ದಂಡೆಯಲ್ಲಿ ಟೆಂಟು ಹಾಕುವಂತಿಲ್ಲ, ದೂರದಲ್ಲಿ ಹಾಕಬೇಕು. ಛತ್ರುವಿನ 3,300 ಮೀಟರಿನಿಂದ 4,200ಕ್ಕೆ ಕೆಲವೇ ಗಂಟೆಯಲ್ಲಿ ಜೀಪು ಏರಿಸುತ್ತದೆ ಎಂಬುದು ನೆನಪಿರಲಿ. 2023ರ ಜುಲೈನಲ್ಲಿ, ನಡು ಮಳೆಗಾಲದಲ್ಲಿ, ಅಲ್ಲಿ ಹಿಮ ಬಿದ್ದು ಸುಮಾರು 300 ಮಂದಿ ದಿನಗಟ್ಟಲೆ ಸಿಕ್ಕಿಕೊಂಡಿದ್ದರು. ಆ ಎತ್ತರದಲ್ಲಿ ತಿಂಗಳ ಹೆಸರು ನಂಬಿ ಕೂರುವಂತಿಲ್ಲ.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ. ಹೊರಡುವ ಮುಂಚೆ ಕರೆದೊಯ್ಯುವವರನ್ನು ಒಂದೆರಡು ಮಾತು ಕೇಳಿ. ದಿನಚರಿಯಲ್ಲಿ ಸುಮ್ಮನಿರುವ ದಿನ ಇದೆಯೇ? ತಂಡದ ಬಾಲದಲ್ಲಿ ಗೈಡ್ ಇರುತ್ತಾನೆಯೇ? ಒಬ್ಬರು ಕಾಯಿಲೆ ಬಿದ್ದರೆ ಅವರ ಜೊತೆ ಯಾರು ಇಳಿಯುತ್ತಾರೆ? "ಅದೆಲ್ಲ ಏನೂ ಆಗಲ್ಲ ಸಾರ್" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಈಗಿನಿಂದಲೇ ದಿನಕ್ಕೊಂದು ಗಂಟೆ ನಡೆಯಿರಿ, ವಾರಕ್ಕೊಮ್ಮೆ ಚೀಲ ಹೊತ್ತು ಮೆಟ್ಟಿಲು ಹತ್ತಿ. ನಿಮ್ಮ ತಂಡದಲ್ಲಿ ಕೊನೆಗೆ ಬರುವವರು ನೀವೇ ಆದರೆ ಕ್ಷಮೆ ಕೇಳಬೇಡಿ, ತಲೆ ನೋಯುತ್ತಿದ್ದರೆ ಮುಚ್ಚಿಡಬೇಡಿ. ಹಂಪ್ತಾ ದಾರಿ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ತೆರೆದಿರುತ್ತದೆ. ರಜೆಯ ಅರ್ಜಿ ಬರೆಯುವಾಗ ಎರಡು ದಿನ ಹೆಚ್ಚಾಗಿಯೇ ಕೇಳಿ.